ಕಡಲನ್ನು ಮನೆಗೆ ಕರೆಯುವ ಮುನ್ನ

ವಲಾಂಡಿ ಭಾಗದ ಪಾಲಕರೊಬ್ಬರು ಈ ಅಂಕಣಕ್ಕೆ ಪತ್ರ ಬರೆದು ಒಂದು ಪ್ರಶ್ನೆಯನ್ನು ಕೇಳಿದ್ದಾರೆ. ಅವರು ಊರಿನಲ್ಲಿ ಹೊಸ ಮನೆಯನ್ನು ಕಟ್ಟಿಸುತ್ತಿದ್ದಾರೆ. ಅದರ ಪಡಸಾಲೆಯಲ್ಲಿ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಗಾಜಿನ ತೊಟ್ಟಿಯನ್ನಿರಿಸಿ, ಉಪ್ಪುನೀರು ತುಂಬಿ, ಜೀವಂತ ಹವಳವನ್ನೂ ಬಣ್ಣದ ಕಡಲ ಮೀನುಗಳನ್ನೂ ಸಾಕಬೇಕೆಂಬುದು ಅವರ ಇಚ್ಛೆ. ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿ ಓದುತ್ತಿರುವ ಮಗಳು ಹವಳದ ದಿಬ್ಬದ ಚಿತ್ರವೊಂದನ್ನು ನೋಡಿ, "ಅಪ್ಪಾ, ಇದು ಕಲ್ಲೋ, ಗಿಡವೋ?" ಎಂದು ಕೇಳಿದ್ದೇ ಇದಕ್ಕೆ ಮೂಲವಂತೆ. "ಖರ್ಚಿನ ಚಿಂತೆಯಿಲ್ಲ. ನಮ್ಮ ಊರಿನಲ್ಲಿ ಇದು ಸಾಧ್ಯವೇ, ಏನೇನು ಬೇಕು ಎಂಬುದನ್ನು ತಿಳಿಸಿರಿ" ಎಂದು ಅವರು ಬರೆದಿದ್ದಾರೆ.

ಸಾಧ್ಯವಿದೆ. ಕಡಲಿನಿಂದ ನಾನೂರು ಕಿಲೋಮೀಟರಿನಷ್ಟು ದೂರದ ಊರಿನಲ್ಲಿಯೂ ಹವಳವನ್ನು ಬದುಕಿಸಬಹುದು. ಆದರೆ ಖರ್ಚಿನ ಲೆಕ್ಕದಲ್ಲಿ ಹಣವೊಂದೇ ಬರುವುದಿಲ್ಲ. ಆದಕಾರಣ ಈ ವಾರ ಅದರ ವಿಧಾನವನ್ನೂ ಲೆಕ್ಕವನ್ನೂ ಕೂಡಿಯೇ ನೋಡೋಣ.

ಮೊದಲು ಮಗಳ ಪ್ರಶ್ನೆಗೆ ಉತ್ತರ. ನಮ್ಮ ಮನೆಗಳಲ್ಲಿ ಹವಳವೆಂದರೆ ಉಂಗುರದಲ್ಲಿಯೋ ಕೊರಳ ಸರದಲ್ಲಿಯೋ ಇರುವ ಕೆಂಪು ಮಣಿ. ಅದೂ ಕಡಲಿನದೇ, ಆದರೆ ಬೇರೆ ಜಾತಿಯದು. ದಿಬ್ಬ ಕಟ್ಟುವ ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದು ಪ್ರಾಣಿ. ಹೂವಿನಂತೆ ಎಸಳುಗಳನ್ನು ಅರಳಿಸುವ ಸಾವಿರಾರು ಚಿಕ್ಕ ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಬಾಳುತ್ತವೆ. ಅವು ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ, ತಮ್ಮ ಕೆಳಗೆ ತಾವೇ ಗಟ್ಟಿಯಾದ ಮನೆಯನ್ನು ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿ ವಾಸಿಸುತ್ತದೆ. ಪಾಚಿಯು ಬೆಳಕಿನಲ್ಲಿ ಆಹಾರವನ್ನು ತಯಾರಿಸಿ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳವು ಅದಕ್ಕೆ ಆಶ್ರಯ ಕೊಡುತ್ತದೆ. ಹೀಗಾಗಿ ಅದು ನೋಡಲು ಕಲ್ಲು, ಉಣ್ಣುವ ರೀತಿಯಲ್ಲಿ ಅರ್ಧ ಗಿಡ, ಹುಟ್ಟಿನಿಂದ ಪ್ರಾಣಿ. ಮಗಳ ಸಂದೇಹದಲ್ಲಿ ತಪ್ಪೇನೂ ಇರಲಿಲ್ಲ.

ಇಂಥ ಜೀವಿಯನ್ನು ಕಡಲಿನಿಂದ ದೂರದ ಮನೆಯೊಂದರಲ್ಲಿ ಬಹುಕಾಲ ಬದುಕಿಸಿದವರಲ್ಲಿ ಮೊದಲಿಗರು ಆನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ. 1846ರಲ್ಲಿ ಅವರು ಟಾರ್ಕಿ ಎಂಬ ಕಡಲೂರಿನಿಂದ ಅಲ್ಲಿಯ ತಂಪು ನೀರಿನ ಒಂಟಿ ಹವಳಗಳನ್ನು ಜಾಡಿಯಲ್ಲಿಟ್ಟುಕೊಂಡು ಲಂಡನ್ನಿಗೆ ತಂದರು. ಪಂಪು ಇಲ್ಲ, ವಿದ್ಯುತ್ತಿಲ್ಲ. ನೀರಿಗೆ ಗಾಳಿ ಬೆರೆಯಬೇಕೆಂದು ತೆರೆದ ಕಿಟಕಿಯ ಮುಂದೆ ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವ ಕೆಲಸ ನಿತ್ಯವೂ ಅರ್ಧ ತಾಸಿಗೂ ಹೆಚ್ಚು ಹೊತ್ತು ನಡೆಯುತ್ತಿತ್ತು. ಸುರಿದವಳು ಮನೆಯ ಕೆಲಸದಾಕೆ. ಮರುವರ್ಷ ಥಿನ್ ಅವರು ಕಡಲ ಸಸ್ಯಗಳನ್ನೂ ನೀರಿಗೆ ಸೇರಿಸಿದರು. ಹೀಗೆ ಆ ಹವಳಗಳು ಸುಮಾರು ಮೂರು ವರ್ಷ ಬದುಕಿದವು. ಇಂದಿನ ಪಂಪು, ದೀಪ, ಶೋಧಕಗಳೆಲ್ಲ ಆ ಕೆಲಸದಾಕೆಯ ಕೈಗಳ ಬದಲಿಗೆ ಬಂದವುಗಳೇ. ತೊಟ್ಟಿಯು ಯಂತ್ರದಿಂದ ನಡೆದರೂ ಅದರ ಹಿಂದೆ ದಿನವೂ ತಪ್ಪದ ಒಬ್ಬರ ಕೈ ಇರಬೇಕು ಎಂಬುದು ಅಂದಿಗೂ ನಿಜ, ಇಂದಿಗೂ ನಿಜ.

ಈಗ ವಿಧಾನಕ್ಕೆ ಬರೋಣ. ಪತ್ರದಲ್ಲಿ ಹೇಳಿರುವ ತೊಟ್ಟಿಯ ಗಾತ್ರ 24 ಘನ ಅಡಿ, ಎಂದರೆ ಸುಮಾರು 680 ಲೀಟರ್. ನೀರು, ಗಾಜು, ಕಲ್ಲು, ಕಬ್ಬಿಣದ ಪೀಠ ಎಲ್ಲ ಸೇರಿದರೆ ಹತ್ತಿರ ಹತ್ತಿರ ಒಂದು ಟನ್ ಭಾರ. ಒಂದು ಜೊತೆ ದೇವಣಿ ಎತ್ತುಗಳು ಪಡಸಾಲೆಯ ಒಂದೇ ಮೂಲೆಯಲ್ಲಿ ಹಗಲಿರುಳು ನಿಂತಂತೆ. ಮನೆ ಇನ್ನೂ ಕಟ್ಟುತ್ತಿರುವುದರಿಂದ ಆ ಜಾಗದ ತಳಪಾಯವನ್ನು ಗಟ್ಟಿ ಮಾಡಿಸಲು ಇದೇ ಸಮಯ. ಮಹಡಿಯ ಮೇಲಂತೂ ಇಂಜಿನಿಯರರನ್ನು ಕೇಳದೆ ಇಡಲಾಗದು. ನೆಲವು ನೂಲು ಹಿಡಿದಂತೆ ಮಟ್ಟವಾಗಿರಬೇಕು, ಕಿಟಕಿಯ ನೇರ ಬಿಸಿಲು ಬೀಳಬಾರದು.

ತೊಟ್ಟಿಯ ಕೆಳಗೆ ನೀರನ್ನು ಸೋಸುವ ಇನ್ನೊಂದು ಚಿಕ್ಕ ತೊಟ್ಟಿ ಬೇಕು. ಎರಡೂ ಸೇರಿ 800 ಲೀಟರ್ ನೀರು ಎಂದಿಟ್ಟುಕೊಳ್ಳೋಣ. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅಡುಗೆಯ ಉಪ್ಪು ಇದಕ್ಕೆ ಆಗದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದವುಗಳನ್ನು ಬೆರೆಸಿದ ಕಡಲುಪ್ಪಿನ ಮಿಶ್ರಣವೇ ಬೇಕು. 800 ಲೀಟರಿಗೆ ಅಂಥ ಉಪ್ಪು 28ರಿಂದ 30 ಕಿಲೋ. ಆ ಉಪ್ಪನ್ನು ಕೊಳವೆಬಾವಿಯ ನೀರಿನಲ್ಲಿ ಕರಗಿಸುವಂತಿಲ್ಲ. ಗೊಬ್ಬರದ ನೈಟ್ರೇಟ್, ಫಾಸ್ಫೇಟ್, ಕಲ್ಲಿನ ಸಿಲಿಕೇಟ್ ಇದ್ದರೆ ತೊಟ್ಟಿಯಲ್ಲಿ ಹವಳದ ಬದಲು ಪಾಚಿಯೇ ಬೆಳೆಯುತ್ತದೆ. ಆರ್‌ಒ ಯಂತ್ರದಲ್ಲಿ ಶುದ್ಧ ಮಾಡಿದ ನೀರೇ ಆಗಬೇಕು.

ನೀರು, ಉಪ್ಪು, ಕಲ್ಲು ಕೂಡಿದ ಮಾತ್ರಕ್ಕೆ ತೊಟ್ಟಿ ಸಿದ್ಧವಾಗುವುದಿಲ್ಲ. ಇಲ್ಲಿಂದಲೇ ತಾಳ್ಮೆಯ ಪರೀಕ್ಷೆ ಆರಂಭ. ಮೀನಿನ ಮಲಮೂತ್ರದಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ, ಅದೂ ಅಪಾಯಕರವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ಅದರ ಅಪಾಯ ಬಹಳ ಕಡಿಮೆ. ಪ್ರೌಢಶಾಲೆಯ ವಿಜ್ಞಾನದಲ್ಲಿ ಮಕ್ಕಳು ಬಾಯಿಪಾಠ ಮಾಡುವ ನೈಟ್ರೋಜನ್ ಚಕ್ರ ಇದೇ. ಈ ಬ್ಯಾಕ್ಟೀರಿಯಾಗಳು ಕಲ್ಲಿನ ಸಂದುಗಳಲ್ಲಿ ನೆಲೆಯೂರಿ ಹೆಚ್ಚಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನವೂ ತೊಟ್ಟಿಯಲ್ಲಿ ಕಣ್ಣಿಗೆ ಕಾಣುವ ಜೀವಿ ಒಂದೂ ಇರಬಾರದು. ನೆಂಟರು ಬಂದು "ಮೀನು ಎಲ್ಲಿ?" ಎಂದು ಕೇಳುವರು. "ನೀರು ಪಕ್ವವಾಗುತ್ತಿದೆ" ಎಂದು ಹೇಳಿ ಸುಮ್ಮನಿರುವ ಮನೆಯವರು ಗೆಲ್ಲುತ್ತಾರೆ. ಅವಸರಪಟ್ಟು ಮೀನು ಬಿಟ್ಟವರು ಸೋಲುತ್ತಾರೆ.

ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಒಂದೆರಡು ಮೀನು. ತಿಂಗಳುಗಳ ತರುವಾಯ ಗಡಸು ಅಸ್ಥಿಯಿಲ್ಲದ ಮೆತ್ತನೆಯ ಹವಳ. ಎಲ್ಲವೂ ಸ್ಥಿರವಾದ ಮೇಲೆ ಮಾತ್ರ ಸುಣ್ಣ ಕಟ್ಟುವ ಹವಳ. ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ, ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಬೆಳಕು ದಿನಕ್ಕೆ ಎಂಟೊಂಬತ್ತು ತಾಸು, ನೀರಿನಲ್ಲಿ ಸದಾ ಅಲೆಯ ಚಲನೆ. ಇವು ಏರುಪೇರಾಗಬಾರದು. ನೀರು ಹೆಚ್ಚಿದ್ದಷ್ಟೂ ಏರುಪೇರು ನಿಧಾನ. ಆದಕಾರಣ ದೊಡ್ಡ ತೊಟ್ಟಿಯನ್ನು ಬಯಸಿದ್ದರಲ್ಲಿ ಪತ್ರ ಬರೆದವರ ತಪ್ಪಿಲ್ಲ. ಚಿಕ್ಕದಕ್ಕಿಂತ ದೊಡ್ಡದು ಸ್ಥಿರ.

ಇನ್ನು ನಮ್ಮ ಸೀಮೆಯ ಲೆಕ್ಕ. ಮೇ ತಿಂಗಳಿನಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಹವಳವು ತನಗೆ ಒಗ್ಗಿದ ಬೇಸಿಗೆಯ ಉಷ್ಣತೆಗಿಂತ ಒಂದೆರಡು ಡಿಗ್ರಿ ಹೆಚ್ಚಿನ ಬಿಸಿಯನ್ನು ಕೆಲವು ವಾರ ಕಂಡರೂ ಸಾಕು, ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. 1998ರಲ್ಲಿ ಲಕ್ಷದ್ವೀಪದ ದಿಬ್ಬಗಳಲ್ಲಿ ಹೀಗೆಯೇ ಅಪಾರ ಹವಳ ನಾಶವಾಯಿತು. ತೊಟ್ಟಿಗೆ ಫ್ಯಾನು ಹಚ್ಚಿದರೆ ಮಣ್ಣಿನ ಗಡಿಗೆಯ ನೀರಿನಂತೆ ಆವಿಯಾಗಿ ತಂಪಾದೀತು, ಆದರೆ ನೀರು ಬೇಗ ಇಂಗುತ್ತದೆ. ನೀರನ್ನು ತಣಿಸುವ ಚಿಲ್ಲರ್ ಯಂತ್ರವನ್ನಿಟ್ಟರೆ ವಿದ್ಯುತ್ತು ಬೇಕು. ದೀಪ 300 ವ್ಯಾಟ್, ಪಂಪುಗಳು 120 ವ್ಯಾಟ್, ಚಿಲ್ಲರ್ 500 ವ್ಯಾಟ್ ಎಂದು ಹಿಡಿದರೆ ಬೇಸಿಗೆಯಲ್ಲಿ ದಿನಕ್ಕೆ ಹತ್ತು ಯೂನಿಟ್ಟಿನಷ್ಟು, ತಿಂಗಳಿಗೆ ಮುನ್ನೂರು ಯೂನಿಟ್ಟಿನಷ್ಟು ಬಿಲ್ಲು. ರಾತ್ರಿ ಕರೆಂಟು ಹೋಗಿ ಪಂಪುಗಳು ನಿಂತರೆ ಕೆಲವೇ ತಾಸುಗಳಲ್ಲಿ ನೀರಿನೊಳಗಿನ ಆಮ್ಲಜನಕ ಕುಗ್ಗುತ್ತದೆ. ಇನ್ವರ್ಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಆದರೆ ನಿಜವಾದ ಲೆಕ್ಕವಿರುವುದು ನೀರಿನದು. ಮನೆಯ ಆರ್‌ಒ ಯಂತ್ರವು ಒಂದು ಲೀಟರ್ ಶುದ್ಧ ನೀರನ್ನು ಕೊಡುವಾಗ ಸುಮಾರು ಮೂರು ಲೀಟರ್ ನೀರನ್ನು ಹೊರಗೆ ಬಿಡುತ್ತದೆ. ಆದ್ದರಿಂದ 800 ಲೀಟರ್ ತುಂಬಿಸಲು 3,200 ಲೀಟರ್ ನೀರು ಬೇಕು. ಇದು ಒಮ್ಮೆ ಮಾತ್ರ. ತರುವಾಯ ದಿನಕ್ಕೆ ಶೇಕಡಾ ಒಂದರಷ್ಟು, ಎಂದರೆ 8 ಲೀಟರ್ ಆವಿಯಾಗುತ್ತದೆ. ಸಾರು ಕುದಿದಷ್ಟೂ ಉಪ್ಪು ಜೋರಾಗುವುದು ಅಡುಗೆಮನೆಯ ಅನುಭವ. ತೊಟ್ಟಿಯಲ್ಲಿಯೂ ಹಾಗೆಯೇ: ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಆದಕಾರಣ ಕಡಿಮೆಯಾದಷ್ಟನ್ನು ಪ್ರತಿದಿನವೂ ಶುದ್ಧವಾದ ಸಿಹಿನೀರಿನಿಂದ ತುಂಬಬೇಕು. ಇದರ ಜೊತೆಗೆ ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗ, 80 ಲೀಟರ್ ಹಳೆಯ ನೀರನ್ನು ತೆಗೆದು ಹೊಸದನ್ನು ಹಾಕಬೇಕು. ಎರಡೂ ಸೇರಿ ವಾರಕ್ಕೆ 136 ಲೀಟರ್ ಶುದ್ಧ ನೀರು. ಅದಕ್ಕಾಗಿ ಯಂತ್ರಕ್ಕೆ ಉಣಿಸುವುದು 544 ಲೀಟರ್. ಜಲಜೀವನ ಮಿಷನ್ ಯೋಜನೆಯು ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗುರಿಯಿಟ್ಟಿದೆ. ಎಂದರೆ ಐವರ ಕುಟುಂಬವೊಂದರ ಎರಡು ದಿನಗಳ ನೀರನ್ನು ತೊಟ್ಟಿಯು ವಾರಕ್ಕೊಮ್ಮೆ ಕುಡಿಯುತ್ತದೆ. ಯಂತ್ರ ಹೊರಬಿಟ್ಟ ನೀರನ್ನು ನೆಲ ಒರೆಸಲು, ಪಾತ್ರೆ ತೊಳೆಯಲು ಬಳಸಿಕೊಳ್ಳಬಹುದು. ಆದರೂ ಅದು ಮೊದಲು ಎಲ್ಲಿಂದಾದರೂ ಬರಲೇಬೇಕಷ್ಟೆ.

ಮಳೆ ಚೆನ್ನಾದ ವರ್ಷ ಇದೊಂದು ದೊಡ್ಡ ಮಾತೆನಿಸದು. ಆದರೆ 2016ರ ಏಪ್ರಿಲನ್ನು ನಮ್ಮ ಜಿಲ್ಲೆಯ ಹಿರಿಯರು ಮರೆತಿಲ್ಲ. ಮೀರಜದಿಂದ ಸುಮಾರು 340 ಕಿಲೋಮೀಟರ್ ದೂರದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದಿತು. ಮೊದಲ ದಿನ ಹತ್ತು ವ್ಯಾಗನ್ನುಗಳಲ್ಲಿ ಸುಮಾರು ಐದು ಲಕ್ಷ ಲೀಟರ್. ಬಳಿಕ ಐವತ್ತು ವ್ಯಾಗನ್ನುಗಳ ಗಾಡಿಗಳು. ಅಂಥ ವರ್ಷ ಮರಳಿದರೆ ತೊಟ್ಟಿಯನ್ನು ಏನು ಮಾಡುವುದು? ಮೀನು, ಹವಳಗಳಿಗೆ "ಈ ಬೇಸಿಗೆ ತಡೆದುಕೊಳ್ಳಿ" ಎಂದು ಹೇಳಲಾಗದು. ಓಣಿಯ ಹೆಣ್ಣುಮಕ್ಕಳು ಕೊಡ ಹಿಡಿದು ಟ್ಯಾಂಕರಿಗಾಗಿ ಕಾಯುವಾಗ ಪಡಸಾಲೆಯಲ್ಲಿ ನೀಲಿ ದೀಪದ ಕೆಳಗೆ 800 ಲೀಟರ್ ನೀರು ಅಲೆಯಾಡುತ್ತಿದ್ದರೆ, ಆ ಮನೆಯ ಮಗಳು ಗೆಳತಿಯರನ್ನು ಅದನ್ನು ನೋಡಲು ಕರೆದಾಳೆ?

ಬರುವ ನೀರಿನದು ಹೀಗಾದರೆ, ಹೋಗುವ ನೀರಿನದು ಇನ್ನೂ ಗಂಭೀರ. ವಾರವೂ ತೆಗೆಯುವ 80 ಲೀಟರ್ ಉಪ್ಪುನೀರನ್ನು ಎಲ್ಲಿ ಚೆಲ್ಲುವುದು? ಕಡಲೂರಿನವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಮಹಾನಗರದವರು ಚರಂಡಿಗೆ ಬಿಟ್ಟು ಮರೆಯುತ್ತಾರೆ. ನಮ್ಮ ಹಳ್ಳಿಗಳಲ್ಲಿ ಬಚ್ಚಲ ನೀರು ಹಿತ್ತಲಿಗೆ, ಹಿತ್ತಲಿನಿಂದ ಹೊಲಕ್ಕೆ ಅಥವಾ ಬಾವಿಗೆ ಇಳಿಯುತ್ತದೆ. 80 ಲೀಟರಿನಲ್ಲಿ 2.8 ಕಿಲೋ ಉಪ್ಪು. ವರ್ಷಕ್ಕೆ ಸುಮಾರು 145 ಕಿಲೋ. ನಮ್ಮದು ಎರೆ ಭೂಮಿ. ಉಪ್ಪಿನ ಸೋಡಿಯಂ ಎರೆಯ ಜೇಡಿಯೊಳಗೆ ಸೇರಿದರೆ ಮಣ್ಣಿನ ಹರಳುಗಳು ಬಿಡಿಸಿಕೊಂಡು ರಂಧ್ರಗಳು ಮುಚ್ಚಿಹೋಗುತ್ತವೆ. ಮಳೆಯ ನೀರು ಒಳಗಿಳಿಯದು, ಬೇರು ಉಸಿರಾಡದು. ಒಮ್ಮೆ ಕೆಟ್ಟ ಅಂಥ ನೆಲವನ್ನು ಜಿಪ್ಸಮ್ ಹಾಕಿ ಸಿಹಿನೀರಿನಿಂದ ತೊಳೆದು ಸರಿಪಡಿಸಲು ವರ್ಷಗಳೇ ಬೇಕು. ಕಡಲಿನಿಂದ ದೂರದ ಊರಿಗೆ ಚೀಲದಲ್ಲಿ ಬಂದ ಉಪ್ಪು ತಾನಾಗಿ ಕಡಲಿಗೆ ಮರಳುವುದಿಲ್ಲ. ತೊಟ್ಟಿಯನ್ನು ಇಡಲೇಬೇಕೆನ್ನುವವರು ಮಾಳಿಗೆಯ ಮೇಲೆ ಸಿಮೆಂಟಿನ ತಗ್ಗು ಹಾಸೊಂದನ್ನು ಕಟ್ಟಿ, ಅಲ್ಲಿ ಆ ನೀರನ್ನು ಒಣಗಿಸಿ, ಉಪ್ಪನ್ನು ಗುಡಿಸಿ ಚೀಲ ಕಟ್ಟಿಡಬೇಕು. ಮಳೆಗಾಲದಲ್ಲಿ ಅದಕ್ಕೆ ಮುಚ್ಚಿಗೆ ಬೇಕು. ಈ ಚೀಲದ ಲೆಕ್ಕವನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ.

ಮೂರನೆಯ ಲೆಕ್ಕ ಕಡಲಿನದು. ಆನಾ ಥಿನ್ ಅವರ ಪ್ರಯೋಗದ ಬಳಿಕ 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಾಣಿಶಾಸ್ತ್ರಜ್ಞರು ಮತ್ಸ್ಯಾಲಯವನ್ನು ಕುರಿತು ಪುಸ್ತಕ ಬರೆದರು. ಅದನ್ನೋದಿದ ಇಂಗ್ಲೆಂಡಿನ ಜನ ಗುಂಪುಗುಂಪಾಗಿ ಕಡಲ ದಂಡೆಗೆ ಹೋಗಿ, ಬಂಡೆಗಳ ನಡುವಿನ ಹೊಂಡಗಳಲ್ಲಿದ್ದ ಜೀವಿಗಳನ್ನು ಬಾಚಿಕೊಂಡರು. ಅವರ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ, ತಾನು ಬಾಲ್ಯದಲ್ಲಿ ತಂದೆಯೊಂದಿಗೆ ಕಂಡ ಆ ಹೊಂಡಗಳು ಬರಿದಾದುದನ್ನೂ, ತಂದೆಯ ಪುಸ್ತಕಗಳೇ ಅದಕ್ಕೆ ದಾರಿ ಮಾಡಿದುದು ತಂದೆಗೆ ನೋವು ತಂದುದನ್ನೂ ನೆನೆದಿದ್ದಾರೆ. ಕಡಲನ್ನು ಪ್ರೀತಿಸಿದವರ ಕೈಯಿಂದಲೇ ಕಡಲಿಗೆ ಹಾನಿಯಾಯಿತು.

ನಮ್ಮ ದೇಶವು ಈ ವಿಷಯದಲ್ಲಿ ಕಾನೂನನ್ನು ಬಿಗಿಗೊಳಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳಗಳನ್ನೂ ಕಡಲಕುದುರೆಗಳನ್ನೂ ಸೇರಿಸಲಾಯಿತು. ಹುಲಿ, ಆನೆಗಳಿರುವುದೂ ಅದೇ ಅನುಸೂಚಿಯಲ್ಲಿ. ಭಾರತದ ಕಡಲಿನಿಂದ ಹವಳವನ್ನು ಕೀಳುವುದು, ಮಾರುವುದು, ಕೊಂಡು ಇಟ್ಟುಕೊಳ್ಳುವುದು ಅಪರಾಧ. ಮೂರರಿಂದ ಏಳು ವರ್ಷಗಳ ಸೆರೆವಾಸ ಉಂಟು. ತೊಟ್ಟಿಗೆಂದು ಮಾರುವ ಕಡಲಿನ 'ಜೀವಂತ ಕಲ್ಲು' ಎಂಬುದೂ ಬಹುತೇಕ ಹವಳದ ಅಸ್ಥಿಯೇ. ಹೊರದೇಶದಿಂದ ತಂದ ಹವಳವೂ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವುದರಿಂದ, 2022ರ ತಿದ್ದುಪಡಿಯ ಪ್ರಕಾರ ಸಾಕುವವರು ಅದನ್ನು ಸರಕಾರದಲ್ಲಿ ನೋಂದಾಯಿಸಬೇಕು. ಆದ್ದರಿಂದ ಬಿಲ್ಲಿಲ್ಲದೆ, ಮೂಲದ ಕಾಗದವಿಲ್ಲದೆ "ಎಲ್ಲ ನಾವು ನೋಡಿಕೊಳ್ಳುತ್ತೇವೆ" ಎನ್ನುವ ಅಂಗಡಿಯಿಂದ ಹವಳವನ್ನಾಗಲಿ ಕಲ್ಲನ್ನಾಗಲಿ ತರಬೇಡಿರಿ. ಮನುಷ್ಯರು ಸುಟ್ಟು ತಯಾರಿಸಿದ ರಂಧ್ರಮಯ ಕಲ್ಲು ಬ್ಯಾಕ್ಟೀರಿಯಾಗಳಿಗೆ ಸಾಕು. ಮೀನಿನಲ್ಲಿಯೂ ತೊಟ್ಟಿಯಲ್ಲೇ ಮರಿ ಮಾಡಿಸಿದವುಗಳನ್ನೇ ಕೇಳಿರಿ. ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಕ್ಲೌನ್ ಮೀನನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ಮರಿ ಮಾಡಿಸಿ ಬೆಳೆಸಿದೆ.

ಹಾಗಾದರೆ ಪತ್ರ ಬರೆದವರಿಗೆ ನಮ್ಮ ಉತ್ತರವೇನು? ತಳಪಾಯವನ್ನು ಗಟ್ಟಿಯಾಗಿಯೇ ಹಾಕಿಸಿರಿ; ತೊಟ್ಟಿಯನ್ನು ಈ ವರ್ಷ ತರಬೇಡಿರಿ. ಅದರ ಬದಲು ಮಗಳ ಕೈಗೆ ಅರವತ್ತು ಲೀಟರಿನ ಒಂದು ಸಿಹಿನೀರಿನ ತೊಟ್ಟಿ, ಒಂದು ಪರೀಕ್ಷಾ ಕಿಟ್ಟು, ಒಂದು ವಹಿ ಕೊಡಿರಿ. ಆರ್‌ಒ ಬೇಡ, ಕ್ಲೋರಿನ್ ಇಲ್ಲದ ಬಾವಿಯ ನೀರು, ಕ್ಲೋರಿನ್ ಇದ್ದರೆ ಅದನ್ನು ತೆಗೆಯುವ ಹನಿಗಳು ಸಾಕು. ಅಮೋನಿಯಾ ಏರಿ ಇಳಿಯುವುದನ್ನು, ನೈಟ್ರೈಟ್ ಅದನ್ನು ಹಿಂಬಾಲಿಸುವುದನ್ನು ಆರು ವಾರ ಅವಳೇ ಬರೆದಿಡಲಿ. ಬಳಿಕ ಆರೆಂಟು ಜೀಬ್ರಾ ಡೇನಿಯೋ ಮೀನುಗಳನ್ನು ಬಿಡಲಿ. ನೀಲಿ ಗೆರೆಯ ಈ ಚಿಕ್ಕ ಮೀನು ಭಾರತದ ಹಳ್ಳಕೊಳ್ಳಗಳದೇ, ಜಗತ್ತಿನ ಪ್ರಯೋಗಾಲಯಗಳಲ್ಲಿಯೂ ಪ್ರಸಿದ್ಧ. ವಾರವೂ ತೆಗೆಯುವ ಐದಾರು ಲೀಟರ್ ನೀರಿನಲ್ಲಿರುವುದು ನೈಟ್ರೇಟ್, ಎಂದರೆ ಗೊಬ್ಬರ. ಅದನ್ನು ತುಳಸಿಗೋ ಕರಿಬೇವಿಗೋ ಹಾಕಲಿ. ಅಲ್ಲಿ ಚೆಲ್ಲಿದರೆ ನೆಲ ಕೆಡುವ ನೀರು, ಇಲ್ಲಿ ಚೆಲ್ಲಿದರೆ ಗಿಡ ಚಿಗುರುವ ನೀರು. ಈ ವ್ಯತ್ಯಾಸವನ್ನು ಹನ್ನೆರಡು ವರ್ಷದ ಹುಡುಗಿ ಕೈಯಾರೆ ಕಂಡರೆ ಅದಕ್ಕಿಂತ ದೊಡ್ಡ ವಿಜ್ಞಾನ ಪಾಠವಿಲ್ಲ. ಬೇಡವಾದ ಮೀನನ್ನು ಮಾತ್ರ ಬಾವಿಗೋ ಕೆರೆಗೋ ಬಿಡಬಾರದೆಂದು ಮೊದಲೇ ಹೇಳಿಡಿರಿ.

ಹವಳವನ್ನು ಕಣ್ಣಾರೆ ನೋಡುವ ಆಸೆಗೆ ಬೇರೆ ದಾರಿಯುಂಟು. ನಮ್ಮ ರಾಜ್ಯದಲ್ಲಿಯೇ ಸಿಂಧುದುರ್ಗ ಜಿಲ್ಲೆಯ ಮಾಲವಣದ ಕಡಲಿನಲ್ಲಿ ಹವಳವಿದೆ; 1987ರಲ್ಲಿ ಅಲ್ಲಿ ಕಡಲಜೀವಿಗಳ ಅಭಯಾರಣ್ಯವನ್ನು ಘೋಷಿಸಲಾಗಿದೆ. ಶಿವಾಜಿ ಮಹಾರಾಜರ ಸಿಂಧುದುರ್ಗ ಕೋಟೆ ನೋಡಲು ಶಾಲೆಯ ಪ್ರವಾಸ ಹೋದಾಗ, ಕೋಟೆಯ ಸುತ್ತಲಿನ ನೀರಿನೊಳಗೂ ಒಂದು ಕೋಟೆಯಿದೆಯೆಂದು ಗುರುಗಳು ಮಕ್ಕಳಿಗೆ ಹೇಳಬಹುದು. ಕರ್ನಾಟಕದ ಮುರ್ಡೇಶ್ವರದೆದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ. ಒಂದು ತೊಟ್ಟಿಯ ಒಂದು ವರ್ಷದ ವಿದ್ಯುತ್ ಬಿಲ್ಲಿನ ಹಣದಲ್ಲಿ ಇಡೀ ಕುಟುಂಬ ಅಲ್ಲಿಗೆ ಹೋಗಿಬರಬಹುದು.

ಒಂದು ವರ್ಷದ ವಹಿ ತುಂಬಿದ ಮೇಲೆಯೂ ತಂದೆ ಮಗಳಿಗೆ ಕಡಲ ತೊಟ್ಟಿಯೇ ಬೇಕೆನಿಸಿದರೆ, ಮಾಳಿಗೆಯ ಮೇಲೆ ಉಪ್ಪಿನ ಹಾಸು, ಮಳೆನೀರು ಹಿಡಿಯುವ ಟಾಕಿ, ಇನ್ವರ್ಟರ್, ಹವಳದ ಮೂಲದ ಕಾಗದ ಇವು ನಾಲ್ಕೂ ಸಿದ್ಧವಾದ ದಿನ ಆರಂಭಿಸಲಿ. ಮಾಳಿಗೆಯ ಮಳೆನೀರನ್ನು ಹಿಡಿದು ಸೋಸಿಕೊಂಡರೆ ಆರ್‌ಒ ಯಂತ್ರ ಚೆಲ್ಲುವ ನೀರಿನ ಹೊರೆಯೂ ಬಹುಮಟ್ಟಿಗೆ ಇಳಿಯುತ್ತದೆ. ಆಗ ಆ ತೊಟ್ಟಿ ಬರಿಯ ಅಲಂಕಾರವಾಗದು.

ಅಲ್ಲಿಯವರೆಗೆ ಮಗಳಿಗೆ ಇನ್ನೊಂದು ಮಾತನ್ನು ತಿಳಿಸಿರಿ. ನಮ್ಮ ಸೀಮೆಯ ಹಳ್ಳಗಳ ನೀರು ಮಾಂಜ್ರಾ ನದಿಯನ್ನು ಸೇರುತ್ತದೆ, ಮಾಂಜ್ರಾ ಗೋದಾವರಿಯನ್ನು, ಗೋದಾವರಿ ಬಂಗಾಳದ ಕಡಲನ್ನು. ವಲಾಂಡಿಯ ಹೊಲದಲ್ಲಿ ಹೆಚ್ಚಾಗಿ ಸುರಿದ ಗೊಬ್ಬರವೂ, ಹಳ್ಳಕ್ಕೆ ಎಸೆದ ಪ್ಲಾಸ್ಟಿಕ್ಕೂ ಕೊನೆಗೆ ಹೊರಡುವುದು ಅದೇ ದಾರಿಯಲ್ಲಿ. ಕಡಲು ನಮ್ಮಿಂದ ದೂರವಿರಬಹುದು. ಅದಕ್ಕೆ ಹೋಗುವ ನೀರು ನಮ್ಮ ಹಿತ್ತಲಿನಿಂದಲೇ ಹೊರಡುತ್ತದೆ.